ಆಟವನ್ನು ನಿಲ್ಲಿಸುವ ಅಧಿಕಾರ

ಕಾಶಿಯ ಶಿವಾಲ ಘಟ್ಟದ ಮೆಟ್ಟಿಲುಗಳ ಮೇಲೆ ನಿಂತು ಗಂಗೆ ಹರಿದುಬರುವ ದಿಕ್ಕಿನತ್ತ ದೃಷ್ಟಿ ಹಾಯಿಸಿದರೆ, ದೂರದಲ್ಲಿ, ಆಚೆಯ ದಡದ ಮೇಲೆ ರಾಮನಗರದ ಕೋಟೆ ತೋರುತ್ತದೆ. ಈ ದಡಕ್ಕೂ ಆ ದಡಕ್ಕೂ ಇರುವ ಸಂಬಂಧ ಹಳೆಯದು. 1781ರ ಆಗಸ್ಟ್ ತಿಂಗಳಲ್ಲಿ ವಾರನ್ ಹೇಸ್ಟಿಂಗ್ಸನು ರಾಜಾ ಚೇತಸಿಂಹನನ್ನು ಶಿವಾಲದ ಅರಮನೆಯಲ್ಲಿಯೇ ಸೆರೆಯಿಟ್ಟಾಗ, ರಾಜನು ರುಮಾಲುಗಳನ್ನು ಒಂದಕ್ಕೊಂದು ಗಂಟುಹಾಕಿದ ಹಗ್ಗವನ್ನು ಹಿಡಿದು ಕಿಟಕಿಯಿಂದ ದೋಣಿಗಿಳಿದು ರಾಮನಗರದ ಕಡೆಗೆ ಪಾರಾದನು. ಅವನ ತರುವಾಯ ಗದ್ದುಗೆಗೆ ಬಂದ ಬಂಧುವರ್ಗದಲ್ಲಿ ಉದಿತನಾರಾಯಣ ಸಿಂಹನೆಂಬ ಮಹಾರಾಜನು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಅದೇ ರಾಮನಗರದಲ್ಲಿ ರಾಮಲೀಲೆಯನ್ನು ಈಗ ಲೋಕವೆಲ್ಲ ಬಲ್ಲ ವಿಸ್ತಾರಕ್ಕೆ ತಂದನು. ಶಿವಾಲದಿಂದ ಕೆಲವೇ ಘಟ್ಟಗಳ ಅಂತರದಲ್ಲಿ, ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಹೆಸರನ್ನು ಹೊತ್ತಿದ್ದು ಈಗ ಕರ್ನಾಟಕ ಘಟ್ಟವೆನಿಸಿಕೊಂಡಿರುವ ಸೋಪಾನವೂ ಇರುವುದರಿಂದ, ಕಾಶೀಯಾತ್ರೆಗೆ ಬಂದ ಕನ್ನಡಿಗರಿಗೆ ಈ ಪರಿಸರ ಅಪರಿಚಿತವಾದುದಲ್ಲ. ಆದರೆ ಭಾದ್ರಪದದ ಅನಂತ ಚತುರ್ದಶಿಯ ವೇಳೆಗೆ ಇಲ್ಲಿ ಉಳಿದುಕೊಂಡು, ನದಿಯನ್ನು ದಾಟಿ, ಲೀಲೆಯ ಒಂದು ಸಂಜೆಯನ್ನಾದರೂ ಕಂಡುಹೋಗುವವರು ವಿರಳ.

ಲೀಲೆಯನ್ನು ನಾಟಕವೆನ್ನುವುದು ಕಷ್ಟ. 31 ದಿನಗಳ ಕಾಲ ಅದು ನಡೆಯುತ್ತದೆ. ಅಯೋಧ್ಯೆ ಒಂದು ಕಡೆ, ಜನಕಪುರ ಮತ್ತೊಂದು ಕಡೆ, ಪಂಚವಟಿ ಇನ್ನೆಲ್ಲಿಯೋ, ಲಂಕೆ ಊರಾಚೆಯ ಬಯಲಿನಲ್ಲಿ. ರಾಮನು ವನಕ್ಕೆ ಹೊರಟನೆಂದರೆ ನೋಡಲು ಬಂದವರೂ ಅವನ ಹಿಂದೆ ಹೆಜ್ಜೆ ಹಾಕಬೇಕು, ಅವನು ಮದುವೆಗೆ ಹೊರಟನೆಂದರೆ ದಿಬ್ಬಣದಲ್ಲಿ ತಾವೂ ಒಬ್ಬರಾಗಬೇಕು. ಹೀಗೆ ನಡೆದು ನಡೆದು ಪ್ರೇಕ್ಷಕನು ತನಗೆ ಅರಿವಿಲ್ಲದಂತೆಯೇ ಅಯೋಧ್ಯೆಯ ಪ್ರಜೆಯಾಗಿಬಿಡುತ್ತಾನೆ. ರಿಚರ್ಡ್ ಶೆಕ್ನರ್, ಅನುರಾಧಾ ಕಪೂರ್ ಮೊದಲಾದ ರಂಗವಿದ್ವಾಂಸರನ್ನು ಸೆಳೆದ ವಿಶೇಷಗಳಲ್ಲಿ ಇದು ಮುಖ್ಯವಾದುದು. ಅಲ್ಲಿ ಧ್ವನಿವರ್ಧಕವಿಲ್ಲ, ವಿದ್ಯುದ್ದೀಪವಿಲ್ಲ. ಪೆಟ್ರೊಮ್ಯಾಕ್ಸಿನ ಬೆಳಕಿನಲ್ಲಿ, ದೀವಟಿಗೆಯ ಹೊಗೆಯಲ್ಲಿ, ಸಾವಿರಾರು ಜನರ ಗದ್ದಲದ ನಡುವೆ, ಇನ್ನೂ ದನಿ ಒಡೆಯದ ಬಾಲಕರು ಗಟ್ಟಿಯಾಗಿ ರಾಗವಾಗಿ ತಮ್ಮ ಮಾತನ್ನು ಒಪ್ಪಿಸುತ್ತಾರೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ, ಸೀತೆ ಎಂಬ ಐವರಿಗೆ ಸ್ವರೂಪರೆಂದು ಹೆಸರು. ಕಿರೀಟವನ್ನು ಧರಿಸಿದ ಗಳಿಗೆಯಿಂದ ಅವರು ಮಕ್ಕಳಲ್ಲ, ದೇವತೆಗಳು. ಅವರ ಬದಿಯಲ್ಲಿಯೇ ಸಂವಾದದ ದೊಡ್ಡ ಹೊತ್ತಗೆಯನ್ನು ತೋಳಿನ ಮೇಲೆ ತೆರೆದುಕೊಂಡು, ವ್ಯಾಸರೆನಿಸಿಕೊಂಡ ಪಾಠಗುರುಗಳು ನಿಂತಿರುತ್ತಾರೆ. ಹುಡುಗನು ತಡವರಿಸಿದರೆ ಕಿವಿಯಲ್ಲಿ ಮುಂದಿನ ಪದವನ್ನು ಉಸಿರುವವರು ಅವರೇ. ಪ್ರತಿಯೊಂದು ಮಾತಿಗೂ ಮುಂಚೆ ಜನಸ್ತೋಮದ ಮೇಲೆ ಒಂದು ಕೂಗು ಹಾಯುತ್ತದೆ: ‘ಚುಪ್ ರಹೋ! ಸಾವಧಾನ್!’

ಆ ಕೂಗು ರಾಮಕಥೆಗೆ ಸೇರಿದುದಲ್ಲ. ದಶರಥನ ಆಸ್ಥಾನದಲ್ಲಿ ಅದನ್ನು ಯಾರೂ ಕೂಗಲಿಲ್ಲ, ರಾಮಚರಿತಮಾನಸದಲ್ಲಿ ಅದು ಎಲ್ಲಿಯೂ ಬಾರದು. ಕಥೆಯ ಒಳಗೆ ಮುಳುಗಿದ್ದ ಜನರನ್ನು ಕ್ಷಣಕಾಲ ಹೊರಕ್ಕೆ ಕರೆದು, ಗದ್ದಲವನ್ನು ಅಡಗಿಸಿ, ಮತ್ತೆ ಒಳಕ್ಕೆ ಬಿಡುವುದಷ್ಟೇ ಅದರ ಕೆಲಸ. ಆದರೂ ಅದರಿಂದ ಭ್ರಮೆಗೆ ಭಂಗವಾಯಿತೆಂದು ಯಾರೂ ದೂರುವುದಿಲ್ಲ. ಅಷ್ಟೇ ಅಲ್ಲ, ಸಾಯಂಸಂಧ್ಯೆಯ ಹೊತ್ತಿಗೆ ಕಾಶೀನರೇಶರು ತಮ್ಮ ಅನುಷ್ಠಾನಕ್ಕಾಗಿ ಎದ್ದುಹೋದಾಗ ಇಡೀ ಲೀಲೆಯೇ ನಿಂತುಬಿಡುತ್ತದೆ. ವನವಾಸ ನಡುದಾರಿಯಲ್ಲಿ ತಂಗುತ್ತದೆ, ಜನರು ಹುಲ್ಲಿನ ಮೇಲೆ ಕುಳಿತು ಕಡಲೆ ತಿನ್ನುತ್ತಾರೆ. ಮಹಾರಾಜರು ಹಿಂದಿರುಗಿದ ಮೇಲೆ, ಬಿಟ್ಟ ಜಾಗದಿಂದಲೇ ಕಥೆ ಮುಂದುವರಿಯುತ್ತದೆ. ನಿಂತು ಮತ್ತೆ ಹೊರಡುವುದರಿಂದ ಲೀಲೆಯ ಪಾವಿತ್ರ್ಯಕ್ಕೆ ಕುಂದು ಬಂದುದನ್ನು ನಾನು ಕಾಣೆ.

ಈ ಕೂಗನ್ನು ಕುರಿತು ಇಷ್ಟು ಹೇಳಲು ಕಾರಣವುಂಟು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಅರ್ಧ ಶತಮಾನದಿಂದ ಬೆಳೆದುಬಂದಿರುವ, ಲಾರ್ಪ್ ಎಂಬ ಮೊಟಕು ಹೆಸರಿನಿಂದ ಪ್ರಸಿದ್ಧವಾದ ಒಂದು ಆಟದಲ್ಲಿ, ಆಟವನ್ನು ನಿಲ್ಲಿಸುವ ಕೂಗುಗಳನ್ನೂ ಸಂಜ್ಞೆಗಳನ್ನೂ ಒಂದು ಶಾಸ್ತ್ರವೆಂಬಷ್ಟು ಶ್ರದ್ಧೆಯಿಂದ ರೂಪಿಸಿದ್ದಾರೆ. ಆ ಶಾಸ್ತ್ರದಿಂದ ನಾವು, ಲೀಲೆಯನ್ನೂ ಬಯಲಾಟವನ್ನೂ ಮನೆಯ ಸ್ವತ್ತಾಗಿ ಪಡೆದವರು, ಕಲಿಯಬೇಕಾದುದು ಇದೆಯೆಂದು ನಾನು ನಂಬಿದ್ದೇನೆ. ಲಾರ್ಪಿನಲ್ಲಿ ಆಟಗಾರರು ಒಂದು ಕಾಡನ್ನೋ ಹಳೆಯ ಕೋಟೆಯನ್ನೋ ಗೊತ್ತುಮಾಡಿಕೊಂಡು, ಸೇನಾನಿ, ಮಾಂತ್ರಿಕ, ಗೂಢಚಾರ, ಸೆರೆಯಾಳು ಎಂಬಿವೇ ಮೊದಲಾದ ಪಾತ್ರಗಳನ್ನು ಹಂಚಿಕೊಂಡು, ಬರೆದಿಟ್ಟ ಸಂಭಾಷಣೆಯಿಲ್ಲದೆ, ನೋಡುವವರೂ ಇಲ್ಲದೆ, ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ, ಆ ಪಾತ್ರಗಳಾಗಿಯೇ ಬಾಳುತ್ತಾರೆ. ಮಧ್ಯಯುಗದ ಯುರೋಪನ್ನು ವೇಷಭೂಷಣಗಳಲ್ಲಿಯೂ ಕಾಳಗಗಳಲ್ಲಿಯೂ ಪುನರ್ನಿರ್ಮಿಸುವ ಕೂಟವೊಂದು 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ಹುಟ್ಟಿತು. 1982ರಲ್ಲಿ ಇಂಗ್ಲೆಂಡಿನ ಚೆಷೈರಿನ ಪೆಕ್‌ಫರ್ಟನ್ ಕೋಟೆಯಲ್ಲಿ ‘ಟ್ರೆಷರ್ ಟ್ರಾಪ್’ ಎಂಬ ಹೆಸರಿನ ಆಟ ಮೊದಲಾಯಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡುಗಳ ಆಟಗಾರರು 1997ರಲ್ಲಿ ಓಸ್ಲೋದಲ್ಲಿ ಸಭೆ ಸೇರಿ, ಈ ಕಲೆಯ ತತ್ತ್ವವಿಚಾರಕ್ಕೆ ತೊಡಗಿದರು. ನಮ್ಮ ದೇಶದಲ್ಲಿ ಇದರ ರೂಢಿ ಇನ್ನೂ ಅತ್ಯಲ್ಪ.

ನಿಲ್ಲಿಸುವ ಕೂಗೊಂದು ಪ್ರತ್ಯೇಕವಾಗಿ ಏಕೆ ಬೇಕು? ‘ಬೇಡ’, ‘ನೋವಾಗುತ್ತಿದೆ’, ‘ಬಿಡು’ ಎಂಬ ಮಾತುಗಳು ಎಲ್ಲ ಭಾಷೆಗಳಲ್ಲಿಯೂ ಇವೆಯಲ್ಲ? ಇವೆ, ಆದರೆ ಆಟದೊಳಗೆ ಅವು ಬಲ ಕಳೆದುಕೊಳ್ಳುತ್ತವೆ. ಸೆರೆಯಾಳಿನ ಪಾತ್ರವನ್ನು ವಹಿಸಿದವನು ‘ಅಯ್ಯೋ, ನನ್ನನ್ನು ಬಿಟ್ಟುಬಿಡಿ’ ಎಂದು ಗೋಳಿಡುವುದು ಅವನ ಪಾತ್ರಧರ್ಮ. ಅದನ್ನು ಕೇಳಿ ಕಾವಲುಗಾರನು ಇನ್ನಷ್ಟು ಬಿಗಿಯಾಗಿ ಹಿಡಿಯುವುದು ಅವನ ಪಾತ್ರಧರ್ಮ. ಆ ಗೋಳಿನ ನಡುವೆ ಸೆರೆಯಾಳಿನ ಭುಜ ನಿಜವಾಗಿಯೂ ತಿರುಚಿಕೊಂಡಿದ್ದರೆ, ಅಥವಾ ಎಂದೋ ಬಾಲ್ಯದಲ್ಲಿ ಅನುಭವಿಸಿದ ಭೀತಿಯೊಂದು ಆ ಕತ್ತಲೆಯ ಕೋಣೆಯಲ್ಲಿ ಅವನ ಮೇಲೆರಗಿದ್ದರೆ, ಅವನು ಯಾವ ಮಾತಿನಿಂದ ತಾನೆ ಅದನ್ನು ತಿಳಿಸಬೇಕು? ಅಭಿನಯವು ಉತ್ತಮವಾದಷ್ಟೂ ಈ ತೊಡಕು ಬಿಗಿಯಾಗುತ್ತದೆ. ನಮ್ಮ ರಂಗಸ್ಥಳವೂ ಇದಕ್ಕೆ ಹೊರತಲ್ಲ. 2022ರ ಡಿಸೆಂಬರಿನಲ್ಲಿ, ಕಟೀಲಿನಲ್ಲಿ ‘ತ್ರಿಜನ್ಮ ಮೋಕ್ಷ’ ಪ್ರಸಂಗ ನಡೆಯುತ್ತಿದ್ದಾಗ, ಶಿಶುಪಾಲನ ವೇಷದಲ್ಲಿದ್ದ ಹಿರಿಯ ಯಕ್ಷಗಾನ ಕಲಾವಿದರೊಬ್ಬರು ರಂಗದ ಮೇಲೆಯೇ ಕುಸಿದು ಪ್ರಾಣಬಿಟ್ಟರು. ಶಿಶುಪಾಲನು ಬೀಳಲೇಬೇಕಾದ ಪ್ರಸಂಗದಲ್ಲಿ ಶಿಶುಪಾಲನ ವೇಷಧಾರಿ ಬಿದ್ದರೆ, ನೋಡುವವನ ಕಣ್ಣು ಆ ಮೊದಲ ಕ್ಷಣದಲ್ಲಿ ಏನನ್ನು ನಿಶ್ಚಯಿಸೀತು? ಆದುದರಿಂದ ಆಟದ ಭಾಷೆಗೆ ಸೇರದ, ಯಾವ ಪಾತ್ರವೂ ಪ್ರಮಾದವಶದಿಂದ ಕೂಡ ಆಡಲಾರದ, ಒಂದು ನುಡಿಯನ್ನು ಮೊದಲೇ ಬೇರೆಯಾಗಿ ತೆಗೆದಿರಿಸಿಕೊಳ್ಳುವುದು ಅನಿವಾರ್ಯವಾಯಿತು.

ಕಾಳಗದ ಆಟಗಳಲ್ಲಿ ಮೊದಲು ಹುಟ್ಟಿದುದು ‘ಹೋಲ್ಡ್’ ಎಂಬ ಕೂಗು. ಸ್ಪಂಜಿನ ಮೇಲೆ ರಬ್ಬರಿನ ಲೇಪ ಕೊಟ್ಟ ಖಡ್ಗಗಳನ್ನು ಹಿಡಿದು ಎರಡು ಪಾಳೆಯಗಳು ಬಯಲಿನಲ್ಲಿ ಹೊಯ್ದಾಡುತ್ತಿರುವಾಗ, ಒಬ್ಬನ ಕನ್ನಡಕ ಬಿದ್ದುದನ್ನೋ, ಮತ್ತೊಬ್ಬನು ಹಿಮ್ಮೆಟ್ಟುತ್ತ ಹಳ್ಳದ ಅಂಚಿಗೆ ಬಂದುದನ್ನೋ ಕಂಡವರು ಯಾರೇ ಆಗಲಿ, ಸೇನಾಪತಿಯೇ ಆಗಲಿ ಅಂದು ತಾನೆ ಬಂದ ಹೊಸಬನೇ ಆಗಲಿ, ಗಂಟಲೆತ್ತಿ ಅದನ್ನು ಕೂಗುತ್ತಾರೆ. ಕೇಳಿದವರು ಅದನ್ನೇ ಮರುನುಡಿಯುತ್ತ, ಇದ್ದಲ್ಲಿಯೇ ನಿಂತು, ಹಲವೆಡೆಗಳಲ್ಲಿ ಒಂದು ಮಂಡಿಯನ್ನು ನೆಲಕ್ಕೂರಿ ಕುಳಿತುಬಿಡುತ್ತಾರೆ. ಮಂಡಿಯೂರುವುದರ ಹಿಂದಿನ ವಿವೇಕವನ್ನು ಗಮನಿಸಬೇಕು: ನೂರು ಮಂದಿ ಕುಳಿತ ಬಯಲಿನಲ್ಲಿ ಪೆಟ್ಟು ತಿಂದವನೆಲ್ಲಿ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ, ಚಿಕಿತ್ಸೆಗೆ ಧಾವಿಸುವವನಿಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಇಂಗ್ಲೆಂಡಿನ ಆಟಗಳಲ್ಲಿ ‘ಮ್ಯಾನ್ ಡೌನ್’ ಎಂದು ಕೂಗುವುದು ನಿಜವಾದ ಗಾಯಕ್ಕೆ ಮಾತ್ರ ಮೀಸಲು. ಕಥೆಯಲ್ಲಿ ಸಾವಿರ ಯೋಧರು ಮಡಿದರೂ ಆ ಮಾತನ್ನು ಯಾರೂ ಆಡಕೂಡದು. ನಾರ್ಡಿಕ್ ದೇಶಗಳವರು ಇನ್ನೂ ಸೂಕ್ಷ್ಮವಾಗಿ ವಿಚಾರಮಾಡಿ, ಒಂದಕ್ಕೆ ಎರಡು ಕೂಗುಗಳನ್ನು ಗೊತ್ತುಮಾಡಿದರು. ‘ಕಟ್’ ಎಂದರೆ ಎಲ್ಲವೂ ನಿಲ್ಲತಕ್ಕದ್ದು. ‘ಬ್ರೇಕ್’ ಎಂದರೆ ಆಟ ನಡೆಯಲಿ, ಆದರೆ ನೀನು ಹಿಡಿದಿರುವ ಈ ದಿಕ್ಕಿನಲ್ಲಿ ಇದಕ್ಕಿಂತ ಮುಂದೆ ಬರಬೇಡ. ಸಿಟ್ಟಿನ ಪಾತ್ರದವನು ಬೈಗುಳಿನಿಂದ ಜೋರಾಗಿ ತಳ್ಳುವ ಮಟ್ಟಕ್ಕೆ ಬಂದಾಗ, ಆಟವನ್ನೆಲ್ಲ ಕೆಡಿಸದೆ ಅವನನ್ನು ಅಷ್ಟಕ್ಕೆ ತಡೆಯಲು ಈ ಎರಡನೆಯದು ನೆರವಾಗುತ್ತದೆ.

ಕೂಗಲಾರದ ಸಮಯಗಳೂ ಉಂಟು. ಭಯಗೊಂಡವನ ಗಂಟಲು ಮೊದಲು ಕಟ್ಟುತ್ತದೆ. ಅದಕ್ಕಾಗಿ ಕೈಸನ್ನೆಗಳು ಬಂದವು. ಅಂಗೈಯನ್ನೋ ಮುಷ್ಟಿಯನ್ನೋ ತಲೆಯ ಮೇಲಿಟ್ಟುಕೊಂಡು ನಡೆಯುವವನು ಸದ್ಯಕ್ಕೆ ಪಾತ್ರದಲ್ಲಿಲ್ಲ, ಅವನನ್ನು ಮಾತನಾಡಿಸಬೇಡಿ, ಹೊಡೆಯಬೇಡಿ ಎಂದರ್ಥ. ಕಣ್ಣಿಗೆ ಕೈ ಅಡ್ಡ ಹಿಡಿದು ಸರಿದುಹೋಗುವವನು ಈ ದೃಶ್ಯ ನನಗೆ ಬೇಡವೆಂದು ತಿಳಿಸಿದಂತೆ. ಹಿಂದೆ ಹೋಗಿ ಕಾರಣ ಕೇಳುವ ಹಾಗಿಲ್ಲ. ಹಿಡಿತದಲ್ಲಿ ಸಿಕ್ಕವನು ಹಿಡಿದವನ ತೋಳನ್ನು ಎರಡು ಬಾರಿ ತಟ್ಟಿದರೆ ಹಿಡಿತ ಸಡಿಲಬೇಕು. 2016ರಲ್ಲಿ ಅಮೆರಿಕದ ವರ್ಜೀನಿಯಾದ ರಿಚ್‌ಮಂಡಿನಲ್ಲಿ, ಮಾಂತ್ರಿಕರ ಮಹಾವಿದ್ಯಾಲಯವೊಂದನ್ನು ಕಲ್ಪಿಸಿಕೊಂಡು ಆಡಿದ ‘ನ್ಯೂ ವರ್ಲ್ಡ್ ಮಾಜಿಸ್ಕೋಲಾ’ ಎಂಬ ಆಟದಲ್ಲಿ ಬಳಕೆಗೆ ಬಂದ ಕ್ರಮವಂತೂ ಬಹು ಸುಂದರವಾದುದು: ಒಬ್ಬಳು ಮೂಲೆಯಲ್ಲಿ ಕುಳಿತು ಅಳುತ್ತಿದ್ದರೆ, ಅದು ಪಾತ್ರದ ಅಳುವೋ ಅವಳದೇ ಅಳುವೋ ತಿಳಿಯದ ಇನ್ನೊಬ್ಬನು, ಹೆಬ್ಬೆರಳನ್ನೂ ತೋರುಬೆರಳನ್ನೂ ಉಂಗುರವಾಗಿ ಕೂಡಿಸಿ ಅವಳಿಗೆ ತೋರಿಸುತ್ತಾನೆ. ಅವಳು ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ಆಟ ಮುಂದುವರಿಯುತ್ತದೆ. ಕೆಳಕ್ಕೆ ತಿರುಗಿಸಿದರೂ, ಅಂಗೈಯನ್ನು ಅತ್ತಲೂ ಇತ್ತಲೂ ಅಲ್ಲವೆಂಬಂತೆ ಅಡ್ಡಲಾಗಿ ಹಿಡಿದರೂ, ಅವನು ಪಾತ್ರವನ್ನು ಬದಿಗಿಟ್ಟು ಅವಳನ್ನು ಹೊರಕ್ಕೆ ಕರೆದೊಯ್ದು ನೀರು ಕೊಟ್ಟು ಕೂರಿಸುತ್ತಾನೆ. ಸಂಶಯದ ಉತ್ತರವನ್ನು ಇಲ್ಲವೆಂಬ ಉತ್ತರದೊಂದಿಗೇ ಸೇರಿಸಿದುದರಲ್ಲಿ ಮನುಷ್ಯಸ್ವಭಾವದ ಅರಿವು ಎದ್ದುಕಾಣುತ್ತದೆ. ಏಕೆಂದರೆ ಕಷ್ಟದಲ್ಲಿರುವವನು ‘ಪರವಾಗಿಲ್ಲ’ ಎಂದು ಹೇಳುವುದಕ್ಕಿಂತ ಸುಲಭವಾದುದು ಬೇರೊಂದಿಲ್ಲ.

ಸಂಜ್ಞೆಗಳಿಗೆ ತಮ್ಮದೇ ತೊಡಕುಗಳೂ ಇವೆ. 1993ರಲ್ಲಿ ಅಮೆರಿಕದಲ್ಲಿ ಹೊರಬಂದ, ರಕ್ತಪಿಶಾಚಿಗಳ ಕಥೆಯುಳ್ಳ ಆಟದ ಪದ್ಧತಿಯೊಂದರಲ್ಲಿ, ಎದೆಯ ಮೇಲೆ ತೋಳುಗಳನ್ನು ಅಡ್ಡಕಟ್ಟುವುದು ಪಾತ್ರವು ಅದೃಶ್ಯವಾಗಿದೆಯೆಂಬುದರ ಚಿಹ್ನೆ; ಅಂದರೆ ಅದು ಆಟದ ಒಳಗಿನ ಸಂಗತಿ. ಬೇರೆ ಕೆಲವು ಕೂಟಗಳಲ್ಲಿ ಅದೇ ಭಂಗಿ ಆಟದ ಹೊರಗಿದ್ದೇನೆ ಎಂಬುದರ ಚಿಹ್ನೆ. ಎರಡೂ ಕಡೆ ಪಳಗಿದವರು ಒಂದೇ ಅಂಗಳದಲ್ಲಿ ಕೂಡಿದಾಗ ಆಗುವ ಗೊಂದಲವನ್ನು ಊಹಿಸಬಹುದು. ಆದುದರಿಂದ ಹಿಂದೆಲ್ಲೋ ಕಲಿತ ಸಂಜ್ಞೆಯನ್ನು ನಂಬಿ ಯಾರೂ ಆಟಕ್ಕೆ ಇಳಿಯಬಾರದು. ಪ್ರತಿಯೊಂದು ಆಟಕ್ಕೂ ಮುಂಚೆ ಅದನ್ನು ಹೊಸದಾಗಿ ಹೇಳಿಕೊಡಬೇಕು.

ಇದಕ್ಕಿಂತ ಗಹನವಾದ ತೊಡಕು ಮತ್ತೊಂದು. ಕೂಗು ಇದೆ, ಎಲ್ಲರಿಗೂ ಗೊತ್ತಿದೆ, ಆದರೂ ಯಾರೂ ಕೂಗುವುದಿಲ್ಲ. ನನ್ನೊಬ್ಬನ ಸಲುವಾಗಿ ಐವತ್ತು ಜನರ ಆಟ ಕೆಡುವುದೇ ಎಂಬ ದಾಕ್ಷಿಣ್ಯ ಒಂದು. ಇನ್ನಾರಾದರೂ ಕೂಗಿಯಾರು ಎಂಬ ನಿರೀಕ್ಷೆ ಮತ್ತೊಂದು. ನಾಳೆ ನನ್ನನ್ನು ಹೇಡಿಯೆಂದಾರು ಎಂಬ ಅಂಜಿಕೆ ಎಲ್ಲಕ್ಕಿಂತ ದೊಡ್ಡದು. ಈ ವಿಷಯವನ್ನು ಬಹುಕಾಲ ಪರಿಶೀಲಿಸಿದ ಫಿನ್ಲೆಂಡ್ ಮೂಲದ ಲೇಖಕಿ ಯೊಹಾನ್ನಾ ಕೊಲ್ಯೊನೆನ್ ಮೊದಲಾದವರು ಕಂಡುಕೊಂಡುದೇನೆಂದರೆ, ಮಹಾವಿಪತ್ತಿಗೆಂದು ಕಾದಿರಿಸಿದ ಸಾಧನವು ಮಹಾವಿಪತ್ತಿನಲ್ಲಿಯೂ ಕೈಗೆ ಬರುವುದಿಲ್ಲ. ಚಿಕ್ಕಚಿಕ್ಕ ಕಾರಣಗಳಿಗೆ, ಬೂಟಿನೊಳಗೆ ಕಲ್ಲು ಸೇರಿತೆಂಬುದಕ್ಕೂ, ಅದನ್ನು ನಿತ್ಯ ಬಳಸಿದ ಬಾಯಿಗೆ ಮಾತ್ರ ದೊಡ್ಡ ಕಾರಣ ಬಂದಾಗ ಅದು ಹೊರಡುತ್ತದೆ. ಕೂಗು ಹೆಚ್ಚಾದಷ್ಟೂ ಆಟ ಪೇಲವವಾಗುವುದೆಂದು ಭಾವಿಸುವವರು ಇದ್ದಾರೆ. ಅನುಭವವು ಅದಕ್ಕೆ ವಿರುದ್ಧವಾಗಿದೆ: ಹೊರಬರುವ ಬಾಗಿಲು ತೆರೆದಿರುವುದೆಂದು ತಿಳಿದವನೇ ಕತ್ತಲೆಯ ಕೋಣೆಯ ಕೊನೆಯವರೆಗೂ ಹೋಗಲು ಧೈರ್ಯಮಾಡುತ್ತಾನೆ.

ಮಕ್ಕಳಿಗೆ ಇದೆಲ್ಲ ಯಾರೂ ಕಲಿಸದೆಯೇ ಗೊತ್ತು. ಬೆಂಗಳೂರು, ಮೈಸೂರುಗಳ ಬೀದಿಗಳಲ್ಲಿ ಜೂಟಾಟವನ್ನೋ ಕಳ್ಳ-ಪೊಲೀಸ್ ಆಟವನ್ನೋ ಆಡುವ ಹುಡುಗ, ಚಪ್ಪಲಿಯ ಪಟ್ಟಿ ಕಿತ್ತುಬಂದೊಡನೆ ‘ಟೈಂ ಪ್ಲೀಸ್!’ ಎಂದು ಕೂಗುತ್ತಾನೆ. ಓಡಿಬಂದ ಹುಡುಗಿ ಕೈಯಳತೆಯಲ್ಲಿ ನಿಂತುಬಿಡುತ್ತಾಳೆ. ಅವನು ಪಟ್ಟಿ ಸಿಕ್ಕಿಸಿಕೊಂಡು ಸಿದ್ಧನೆನ್ನುವವರೆಗೆ ಅವನನ್ನು ಮುಟ್ಟುವುದು ಅಧರ್ಮ. ಇಂಗ್ಲೆಂಡಿನಲ್ಲಿ ಐಯೋನಾ ಮತ್ತು ಪೀಟರ್ ಓಪೀ ಎಂಬ ದಂಪತಿಗಳು ಶಾಲಾಮಕ್ಕಳ ಆಟ ಮಾತುಗಳನ್ನು ಸಂಗ್ರಹಿಸಿ 1959ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಕದನವಿರಾಮದ ಕೂಗುಗಳು ಯಾವ ಯಾವ ಸೀಮೆಯಲ್ಲಿ ಯಾವುದೆಂದು ಭೂಪಟವನ್ನೇ ಬಿಡಿಸಿ ತೋರಿಸಿದ್ದಾರೆ: ಒಂದು ಸೀಮೆಯಲ್ಲಿ ‘ಬಾರ್ಲಿ’, ಇನ್ನೊಂದರಲ್ಲಿ ‘ಫೇನೈಟ್ಸ್’, ಮತ್ತೊಂದರಲ್ಲಿ ‘ಕಿಂಗ್ಸ್’, ಜೊತೆಗೆ ಬೆರಳ ಮೇಲೆ ಬೆರಳನ್ನು ಹೆಣೆದು ಎತ್ತಿ ಹಿಡಿಯಬೇಕು. ಕೂಗಿದವನು ಎಷ್ಟೇ ಚಿಕ್ಕವನಾಗಿರಲಿ, ಗುಂಪಿನ ನಾಯಕನೂ ಅದಕ್ಕೆ ತಲೆಬಾಗುತ್ತಾನೆ. ದೊಡ್ಡವರ ಲಾರ್ಪು ಮರಳಿ ಹಿಡಿದಿರುವುದು ಈ ನ್ಯಾಯವನ್ನೇ.

ನಮ್ಮ ಶಾಸ್ತ್ರೀಯ ಹಾಗೂ ಜಾನಪದ ರಂಗಗಳಲ್ಲಿ ತಡೆಯುವ ಏರ್ಪಾಡು ಇಲ್ಲದೆ ಇಲ್ಲ. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೆಯ ವೇಷವೆನ್ನುವುದು ವಾಡಿಕೆ. ಪಾತ್ರಧಾರಿಯ ಮಾತು ಹಳಿ ತಪ್ಪಿತೆಂದು ಕಂಡರೆ ಅವರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ, ಮಾತು ನಿಲ್ಲಲೇಬೇಕು. ತಂಜಾವೂರು ಜಿಲ್ಲೆಯ ಮೆಲಟ್ಟೂರಿನ ಭಾಗವತಮೇಳದಲ್ಲಿ, ಉಪವಾಸವಿದ್ದು, ಪೂಜೆಗೊಂಡ ನರಸಿಂಹನ ಮುಖವಾಡವನ್ನು ಧರಿಸಿದವನಿಗೆ ಆವೇಶ ಬಂದಾಗ, ಅವನು ಹಿರಣ್ಯಕಶಿಪುವಿನ ಪಾತ್ರಧಾರಿಯ ಮೇಲೆ ನಿಜವಾಗಿ ಎರಗದಂತೆ ಹಿಂದಿನಿಂದ ಹಲವರು ಹಿಡಿದುಕೊಂಡಿರುತ್ತಾರೆ. ಶಿವಾಲದಲ್ಲಿಯೇ, ಮೊಹರಮ್ಮಿನ ಒಂಬತ್ತನೆಯ ರಾತ್ರಿ, ಕರ್ಬಲಾದಲ್ಲಿ ಮಡಿದ ವರ ಕಾಸಿಮರ ಸ್ಮರಣೆಯಲ್ಲಿ ಇಮಾಮ್‌ಬಾಡೆಯಿಂದ ಹೊರಡುವ ‘ದೂಲ್ಹಾ’ ಮೆರವಣಿಗೆ ಕೆಂಡಗಳನ್ನು ಹಾಯ್ದು ಹೋಗುತ್ತದೆ. ಅದು ಶೋಕಾಚರಣೆ, ಆಟವೆಂದು ಕರೆಯತಕ್ಕದ್ದಲ್ಲ. ಆದರೆ ಆವೇಶಗೊಂಡವನನ್ನು ಒಂಟಿಯಾಗಿ ಬಿಡದೆ ಸುತ್ತ ಕಾಯ್ದುಕೊಂಡು ಓಡುವ ಜನರ ಎಚ್ಚರ ಅಲ್ಲಿಯೂ ಅದೇ ಬಗೆಯದು. ಈ ಎಲ್ಲ ಉದಾಹರಣೆಗಳಲ್ಲಿಯೂ ತಡೆಯುವವನು ಹಿರಿಯ, ಬಲ್ಲವನು, ಪರಿಚಿತ. ತಲೆಮಾರುಗಳಿಂದ ಒಂದೇ ಪಾತ್ರವನ್ನು ವಹಿಸಿಕೊಂಡು ಬಂದ ಮನೆತನಗಳಿರುವ ರಾಮನಗರದಂಥ ಊರಿನಲ್ಲಿ, ಒಬ್ಬರ ಮುಖವನ್ನು ಇನ್ನೊಬ್ಬರು ಓದಬಲ್ಲರು. ಪರಸ್ಪರ ಹೆಸರೂ ತಿಳಿಯದವರು ವಾರಾಂತ್ಯಕ್ಕೆ ಕೂಡಿ ಆಡುವ ಆಟದಲ್ಲಿ ಆ ಓದು ಸಾಧ್ಯವಿಲ್ಲ. ಅಲ್ಲಿ ನಿಯಮವನ್ನು ಬಾಯಿಬಿಟ್ಟು ಹೇಳಿಯೇ ತೀರಬೇಕು.

ಆದರೆ ಪರಿಚಯದ ಮೇಲೆಯೇ ಎಲ್ಲವನ್ನೂ ಬಿಡುವುದರಲ್ಲಿ ಒಂದು ಅಪಾಯವಿದೆ. ಸ್ವರೂಪನಾದ ಹುಡುಗನು ಲೀಲೆಗೆ ಮುಂಚಿನಿಂದ ತಿಂಗಳುಗಟ್ಟಲೆ ಮನೆಯನ್ನು ಬಿಟ್ಟು, ವ್ಯಾಸರ ಪೋಷಣೆಯಲ್ಲಿ ಧರ್ಮಶಾಲೆಯಲ್ಲಿದ್ದು ಪಾಠ ಕಲಿಯುತ್ತಾನೆ. ಲೀಲೆಯ ದಿನಗಳಲ್ಲಿ ಅವನ ಕಾಲು ನೆಲ ಸೋಕದಂತೆ ಹೆಗಲ ಮೇಲೆ ಹೊತ್ತೊಯ್ಯುತ್ತಾರೆ. ವೃದ್ಧರು ಬಂದು ಅವನ ಪಾದ ಮುಟ್ಟುತ್ತಾರೆ. ಆರತಿಯ ಹೊತ್ತಿಗೆ ಮಹತಾಬಿನ ಪ್ರಖರವಾದ ಬೆಳಕು ಅವನ ಮುಖದ ಮೇಲೆ ಸುರಿಯುವಾಗ ರೆಪ್ಪೆ ಅಲುಗಿಸದೆ ನಿಲ್ಲಬೇಕು. ಅಷ್ಟೊಂದು ಪೂಜ್ಯಭಾವದ ಮಧ್ಯದಲ್ಲಿ, ಸೀತೆಯಾಗಿ ನಿಂತ ಬಾಲಕನಿಗೆ ಜ್ವರ ಬಂದಿದ್ದರೆ, ಕಿರೀಟ ಹಣೆಗೆ ಒತ್ತುತ್ತಿದ್ದರೆ, ‘ಇಂದು ನನ್ನಿಂದಾಗದು’ ಎಂದು ಹೇಳಲು ಅವನಿಗೆ ಯಾವ ಸಂಜ್ಞೆಯಿದೆ? ಅವನ ವ್ಯಾಸರು ಕರುಣಾಳುಗಳೇ ಆಗಿರಬಹುದು, ಗಮನಿಸಿ ಕೂರಿಸಿಯಾರು. ಮಹಾರಾಜರ ಸಂಧ್ಯಾವಂದನೆಗೆ ನಿಲ್ಲುವ ಲೀಲೆ ಬಾಲಕನ ಜ್ವರಕ್ಕೂ ನಿಲ್ಲಬಲ್ಲುದು, ಸಂದೇಹವಿಲ್ಲ. ಆದರೆ ನಿಲ್ಲಿಸುವ ಅಧಿಕಾರವು ಬಾಲಕನ ಕೈಯಲ್ಲಿಲ್ಲ. ಅವನನ್ನು ನೋಡಿಕೊಳ್ಳುವವರ ಕೈಯಲ್ಲಿದೆ. ಲಾರ್ಪಿನವರು ನೂತನವಾಗಿ ಮಾಡಿದುದು ಈ ಒಂದೇ ಕಾರ್ಯ: ಆ ಅಧಿಕಾರವನ್ನು ಮೇಲಿನಿಂದ ತೆಗೆದು, ಆಟದಲ್ಲಿ ಅತ್ಯಂತ ದುರ್ಬಲನಾದವನ ಕೈಗೆ ಇಟ್ಟರು. ನನ್ನ ದೃಷ್ಟಿಯಲ್ಲಿ ಅವರ ಹೋಲ್ಡ್, ಕಟ್, ಹೆಬ್ಬೆರಳುಗಳೆಲ್ಲದರ ಸಾರವೂ ಇದರಲ್ಲಿಯೇ ಅಡಗಿದೆ.

ಅಧಿಕಾರವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕನ್ನಡನಾಡು ಒಮ್ಮೆ ಕಣ್ಣಾರೆ ಕಂಡಿತು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಲನಚಿತ್ರದ ಚಿತ್ರೀಕರಣ ನಡೆಯುತ್ತಿದ್ದಾಗ, ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ಮೂವರಲ್ಲಿ ನಾಯಕನಟರು ಉಳಿದರು. ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮುಳುಗಿ ತೀರಿಕೊಂಡರು. ಅವರ ಮೈಮೇಲೆ ಜೀವರಕ್ಷಕ ಕವಚಗಳಿರಲಿಲ್ಲ. ಹೃದಯವನ್ನು ಹಿಂಡುವ ಸಂಗತಿಯೆಂದರೆ, ಅದಕ್ಕೆ ಮುಂಚೆ ಮಾಧ್ಯಮದವರೊಡನೆ ಆಡಿದ ಮಾತಿನಲ್ಲಿ, ಎತ್ತರವೆಂದರೆ ತಮಗಿರುವ ಭಯವನ್ನೂ ಈಜಿನಲ್ಲಿ ತಮಗಿರುವ ಅಲ್ಪ ಅಭ್ಯಾಸವನ್ನೂ ಅವರು ಮುಚ್ಚಿಡಲಿಲ್ಲ. ಮಾತು ಹೊರಬಿದ್ದಿತ್ತು, ಕ್ಯಾಮೆರಾಗಳು ಅದನ್ನು ದಾಖಲಿಸಿಕೊಂಡಿದ್ದವು; ಆದರೆ ಆ ಮಾತು ಕೇಳಿಬಂದೊಡನೆ ಎಲ್ಲವೂ ನಿಲ್ಲತಕ್ಕದ್ದೆಂಬ ಒಪ್ಪಂದ ಅಲ್ಲಿರಲಿಲ್ಲವಾಗಿ, ಅದು ಸಾಹಸಿಗಳ ವಿನಯವೆಂದು ಕೇಳಿಸಿತು. ಚಲನಚಿತ್ರದವರಿಗೆ ‘ಕಟ್’ ಎಂಬ ಕೂಗು ನಿತ್ಯದ್ದು. ಅದನ್ನು ಕೂಗಬಲ್ಲವರು ಮಾತ್ರ ನಿರ್ದೇ­ಶಕರೊಬ್ಬರೇ.

ಇದರ ಪಕ್ಕದಲ್ಲಿ ಶಿವಾಲದ ನೆರೆಯ ತುಳಸೀ ಘಟ್ಟದ ನಾಗನಥೈಯಾವನ್ನು ಇಟ್ಟು ನೋಡಬೇಕೆನಿಸುತ್ತದೆ. ಕಾರ್ತಿಕ ಶುಕ್ಲ ಚತುರ್ಥಿಯ ಇಳಿಹೊತ್ತಿನಲ್ಲಿ, ಘಟ್ಟದ ಅಂಚಿಗೆ ನೆಟ್ಟ ಕದಂಬದ ಕೊಂಬೆಯ ಮೇಲೇರಿದ ಬಾಲಕೃಷ್ಣನು, ಚೆಂಡಿನ ನೆಪದಲ್ಲಿ ಗಂಗೆಗೆ ಹಾರಿ, ಕೆಲವೇ ಕ್ಷಣಗಳಲ್ಲಿ ಕಾಳಿಯನ ಹೆಡೆಯ ಮೇಲೆ ಕೊಳಲು ಹಿಡಿದು ಮೇಲೆದ್ದು ಬರುತ್ತಾನೆ. ಈ ಲೀಲೆಯನ್ನು ತುಳಸೀದಾಸರೇ ಆರಂಭಿಸಿದರೆಂಬುದು ಪ್ರತೀತಿ; ಅವರ ಅಖಾಡದವರು ಇಂದಿಗೂ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಇಲ್ಲಿಯೂ ಎತ್ತರವಿದೆ, ಆಳವಾದ ನೀರಿದೆ, ಹಾರುವವನು ಸಣ್ಣ ಹುಡುಗ. ಆದರೆ ಸರ್ಪದ ಆಕೃತಿಯನ್ನು ನೀರಿನಲ್ಲಿದ್ದುಕೊಂಡು ನಡೆಸುವವರು ಆ ನದಿಯಲ್ಲಿಯೇ ಹುಟ್ಟಿ ಬೆಳೆದ ಈಜುಗಾರರು. ಸುತ್ತಲೂ ದೋಣಿಗಳ ಸಾಲು ಒತ್ತಾಗಿ ನಿಂತಿರುತ್ತದೆ. ಕೊಂಬೆಯಿಂದ ಹೆಡೆಗೆ ಇರುವ ದೂರವೂ ಹೆಚ್ಚಲ್ಲ.

ಕರ್ನಾಟಕದಲ್ಲಿ ಈಗ ಬೇಸಿಗೆ ಬಂತೆಂದರೆ ಊರೂರಿನಲ್ಲಿ ಮಕ್ಕಳ ರಂಗಶಿಬಿರಗಳು ನಡೆಯುತ್ತವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಿಂದ ಮೊದಲುಗೊಂಡು ಬಡಾವಣೆಯ ಚಿಕ್ಕ ಶಾಲೆಗಳವರೆಗೆ. ಕಾಲೇಜುಗಳ ಸೇವಾಶಿಬಿರಗಳಲ್ಲಿ ಹುಸಿ ನ್ಯಾಯಾಲಯ, ಹುಸಿ ಸಂಸತ್ತು, ಬೀದಿನಾಟಕಗಳುಂಟು. ಅವುಗಳಲ್ಲಿ ಜಾತಿಯ ಅವಮಾನ, ಹೆಣ್ಣಿನ ಮೇಲಿನ ಹಿಂಸೆ ಮೊದಲಾದ ಸುಡುವ ವಿಷಯಗಳನ್ನು ಹದಿಹರೆಯದವರ ಕೈಯಲ್ಲಿ ಆಡಿಸುತ್ತಾರೆ. ಆ ಅವಮಾನವನ್ನು ಮನೆಯಲ್ಲಿ ನಿಜವಾಗಿ ಉಂಡುಬಂದ ಹುಡುಗಿ ಅದೇ ವೃತ್ತದಲ್ಲಿ ನಿಂತಿರಬಹುದೆಂಬುದನ್ನು ಎಷ್ಟು ಮಂದಿ ಶಿಬಿರಾಧಿಕಾರಿಗಳು ನೆನೆಯುತ್ತಾರೆ? ಇಂಥಲ್ಲಿ ಹೊಸ ಇಲಾಖೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಮೊದಲನೆಯ ದಿನ ಬೆಳಿಗ್ಗೆ, ಪಾತ್ರಗಳನ್ನು ಹಂಚುವುದಕ್ಕೆ ಮುಂಚೆ, ಮಕ್ಕಳೇ ಆರಿಸಿದ ಒಂದು ಕೂಗನ್ನೂ ಒಂದು ಕೈಸನ್ನೆಯನ್ನೂ ಗೊತ್ತುಮಾಡಬೇಕು. ‘ಟೈಂ ಪ್ಲೀಸ್’ ಎಂದೇ ಇಟ್ಟುಕೊಂಡರೂ ನನಗೆ ಸಮ್ಮತವೇ. ಬಳಿಕ ಅದನ್ನು ಅಭ್ಯಾಸಮಾಡಬೇಕು: ಎಲ್ಲರೂ ಗದ್ದಲವೆಬ್ಬಿಸಿ ಓಡಾಡಲಿ, ನಡುವೆ ಒಬ್ಬೊಬ್ಬರಾಗಿ ಪ್ರತಿಯೊಬ್ಬ ಮಗುವೂ ಒಂದು ಸಲ ಕೂಗಲಿ, ಉಳಿದವರು ನಿಂತಲ್ಲಿಯೇ ಕೂರಲಿ, ಮೇಷ್ಟರೂ ಕೂರಲಿ. ತೀರ ಮೆಲುದನಿಯ ಮಗುವಿನ ಕೂಗಿಗೆ ಎಲ್ಲರೂ ಕುಳಿತರೆಂದಾಗ ಮಾತ್ರ ಅಭ್ಯಾಸ ಮುಗಿಯಿತೆಂದು ತಿಳಿಯಬೇಕು. ಕೂಗಿದವರನ್ನು ಅಲ್ಲಿಯೇ, ಎಲ್ಲರ ಮುಂದೆ, ಏಕೆಂದು ಕೇಳಕೂಡದು. ನೀರು ಬೇಕೆ, ಹೊರಗೆ ಕೂರುವೆಯಾ, ಯಾರಾದರೂ ಜೊತೆಗಿರಬೇಕೆ ಎಂಬ ಮೂರು ಪ್ರಶ್ನೆಗಳು ಸಾಕು. ಮಗು ಸಿದ್ಧವೆಂದರೆ ಆಟ ಬಿಟ್ಟ ಜಾಗದಿಂದ ಮುಂದುವರಿಯಲಿ. ಸಿದ್ಧವಿಲ್ಲವೆಂದರೆ ಆ ಪಾತ್ರವನ್ನು ಇನ್ನೊಬ್ಬರು ವಹಿಸಲಿ, ಮಗುವಿಗೆ ಬೇರೊಂದು ಕೆಲಸ ಕೊಡಲಿ, ತಾಳ ಹಿಡಿಯುವುದೋ, ಬಣ್ಣ ಕಲಸುವುದೋ, ಪರದೆ ಎಳೆಯುವುದೋ. ಮರುದಿನ ತಾನಾಗಿ ಬಂದು ಕೇಳಿದರೆ ಪಾತ್ರವನ್ನು ಮರಳಿ ಕೊಡಲಿ.